ನೇಪಾಳದ ಅನ್ನಪಂಕ್ತಿ

ದೇಶಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರ ವಂಶಾವಳಿಯನ್ನೂ ಯುದ್ಧಗಳ ಕಾಲವನ್ನೂ ಸಂಧಿಪತ್ರಗಳ ಕರಾರುಗಳನ್ನೂ ವಿವರಿಸಿ ತೃಪ್ತರಾಗುತ್ತಾರೆ. ಆ ಅರಸರ ಪ್ರಜೆಗಳು ಏನನ್ನು ಉಂಡರು, ಯಾರೊಡನೆ ಕುಳಿತು ಉಂಡರು, ಯಾರ ಕೈಯ ನೀರನ್ನು ಒಲ್ಲೆನೆಂದರು ಎಂಬ ಸಂಗತಿಗಳು ಗ್ರಂಥಗಳಲ್ಲಿ ಅಪರೂಪವಾಗಿ ಕಾಣಬರುತ್ತವೆ. ಆದರೆ ಮನುಷ್ಯನಿಗೆ ದಿನಕ್ಕೆರಡು ಸಲ ತಪ್ಪದೆ ಎದುರಾಗುವ ವಿಷಯವು ಇದೇ ಆದುದರಿಂದ, ಇದನ್ನು ಬಿಟ್ಟ ಚರಿತ್ರೆಯು ಅಪೂರ್ಣವೆಂದೇ ಹೇಳಬೇಕಾಗಿದೆ. ಈ ಮಾತು ನನ್ನ ಮನಸ್ಸಿಗೆ ಚೆನ್ನಾಗಿ ನಾಟಿದುದು ಕೆಲವು ವರ್ಷಗಳ ಹಿಂದೆ, ನೇಪಾಳದ ಲಲಿತಪುರದ ಒಂದು ಭೋಜನಗೃಹದಲ್ಲಿ. ಆ ದಿನ ನಡೆದ ಸಣ್ಣ ಪ್ರಸಂಗವನ್ನೂ ಅದರ ಬೆನ್ನಿಗಿರುವ ಇತಿಹಾಸವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನ ಸೋದರಮಾವನವರು ಪಶುಪತಿನಾಥನ ದರ್ಶನ ಮಾಡಬೇಕೆಂದು ಬಹುಕಾಲದಿಂದ ಸಂಕಲ್ಪಿಸಿದ್ದರು. ಅವರಿಗೆ ಎಪ್ಪತ್ತು ಕಳೆದಿತ್ತು. ಜತೆಗೆ ಹೋಗುವ ಭಾಗ್ಯ ನನ್ನದಾಯಿತು. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣದೇಶದವರು, ಅವರಲ್ಲಿ ಬಹುಮಂದಿ ಕರ್ನಾಟಕದ ಕಡೆಯವರು ಎಂಬ ಸಂಗತಿಯನ್ನು ವಾಚಕರು ಕೇಳಿರಬಹುದು. ಹಿಮಾಲಯದ ತಪ್ಪಲಿನಲ್ಲಿ ನಮ್ಮ ಕಡೆಯವರೇ ದೇವರನ್ನು ಮುಟ್ಟಿ ಪೂಜಿಸುವುದನ್ನು ಕಂಡು ಮಾವನವರಿಗೆ ಆದ ಸಂತೋಷವು ಅಷ್ಟಿಷ್ಟಲ್ಲ. ಆದರೆ ಯಾತ್ರೆಯ ದಿನಗಳಲ್ಲಿ ಹೊರಗಿನ ಅನ್ನವನ್ನು ಮುಟ್ಟುವುದಿಲ್ಲವೆಂಬ ನಿಯಮವನ್ನು ಅವರು ಹಿಡಿದಿದ್ದರು. ಊರಿನಿಂದ ತಂದ ಅವಲಕ್ಕಿಯ ಗಂಟು ನಾಲ್ಕನೆಯ ದಿನಕ್ಕೆ ಬರಿದಾಯಿತು. ಆ ಮಧ್ಯಾಹ್ನ ನಾವು ಲಲಿತಪುರದ ಒಂದು ಹಳೆಯ ಮನೆಯ ಮೆಟ್ಟಿಲನ್ನು ಏರಿದೆವು. ಕೆಂಪು ಇಟ್ಟಿಗೆಯ ಗೋಡೆ, ತಲೆತಾಗುವಷ್ಟು ತಗ್ಗಾದ ಮರದ ತೊಲೆಗಳು, ಕೆತ್ತನೆಯ ಕಿಟಕಿ, ಅದರ ಬಳಿ ಚಾಪೆಯ ಮೇಲೆ ಕುಳಿತುಣ್ಣುವ ಗಿಡ್ಡ ಮೇಜುಗಳು. ಮನೆಯನ್ನೇ ಭೋಜನಗೃಹವನ್ನಾಗಿ ಮಾಡಿದ್ದರು.

ಕಂಚಿನ ತಟ್ಟೆಗಳು ಬಂದವು. ನಡುವೆ ಅನ್ನದ ರಾಶಿ. ಸುತ್ತಲೂ ಬಟ್ಟಲುಗಳಲ್ಲಿ ತೊವ್ವೆ, ಸಾಸಿವೆಸೊಪ್ಪಿನ ಪಲ್ಯ, ಆಲೂಗೆಡ್ಡೆ, ಹುಳಿಯಾದ ಕಪ್ಪು ಸೊಪ್ಪಿನ ಸಾರು, ಮೂಲಂಗಿಯ ಉಪ್ಪಿನಕಾಯಿ. ದಾಲ್, ಭಾತ್, ತರಕಾರಿ ಎಂಬ ಮೂರೇ ಮಾತಿನಲ್ಲಿ ಆ ದೇಶದವರು ಈ ಊಟವನ್ನು ಕರೆಯುತ್ತಾರೆ. ತೊವ್ವೆಯ ಮೇಲೆ ತುಪ್ಪದ ಒಗ್ಗರಣೆ ಇದ್ದಿತು. ಆದರೆ ಅದರ ಪರಿಮಳವು ನಮ್ಮ ಇಂಗಿನದಲ್ಲ, ಕರಿಬೇವಿನದೂ ಅಲ್ಲ. ಅದು ಜಿಂಬು ಎಂಬ, ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಈರುಳ್ಳಿಯ ಜಾತಿಯ ಒಣಗಿದ ಎಲೆ. ಉಪ್ಪಿನಕಾಯಿಯಲ್ಲಿ ಟಿಮುರ್ ಎಂಬ ಕಾಳು ಇತ್ತು. ಅಗಿದೊಡನೆ ನಾಲಗೆ ಜುಮ್ಮೆಂದು ಮರಗಟ್ಟುತ್ತದೆ. ನಾನು ಕೈಯಿಕ್ಕಿದೆನು. ಮಾವನವರು ತಟ್ಟೆಯನ್ನು ನೋಡಿ, ಮೆಲ್ಲನೆ, “ಅಡಿಗೆ ಮಾಡಿದವರು ಯಾವ ಜನವಂತೆ? ಒಂದು ಮಾತು ಕೇಳಪ್ಪ” ಎಂದರು.

ನನಗೆ ನಾಚಿಕೆಯಾಯಿತು. ಕೇಳಲಾರದೆ ಸುಮ್ಮನಿದ್ದೆನು. ಆದರೆ ಈಗ ಯೋಚಿಸಿದರೆ, ಆ ಪ್ರಶ್ನೆಯು ಆ ದೇಶಕ್ಕೆ ಹೊಸದೇನೂ ಅಲ್ಲವೆಂದು ತೋರುತ್ತದೆ. ನೂರು ವರ್ಷಗಳಿಗೂ ಮೇಲ್ಪಟ್ಟು ಅಲ್ಲಿ ಅದು ಬರಿಯ ಆಚಾರವಾಗಿರದೆ ರಾಜ್ಯದ ಕಾನೂನೇ ಆಗಿದ್ದಿತು.

೧

ಗೋರ್ಖಾದ ಅರಸನಾದ ಪೃಥ್ವೀನಾರಾಯಣ ಶಾಹನು ೧೭೬೮ರಲ್ಲಿ ಕಾಠಮಾಂಡುವನ್ನು ಗೆದ್ದುಕೊಂಡನು. ಕಣಿವೆಯೊಳಕ್ಕೆ ಉಪ್ಪು ಮೊದಲಾದ ಸಾಮಗ್ರಿಗಳು ಹೋಗದಂತೆ ದಾರಿಗಳನ್ನು ಕಟ್ಟಿ ಅಲ್ಲಿನ ಜನರನ್ನು ಬಳಲಿಸಿದ ಮೇಲೆಯೇ ಈ ಜಯವು ದೊರೆತದ್ದು. ಹೀಗೆ ಕೂಡಿಸಿದ ರಾಜ್ಯದಲ್ಲಿ ನಾನಾ ಭಾಷೆಗಳ, ನಾನಾ ಆಹಾರಗಳ ಜನರಿದ್ದರು. ೧೮೪೬ರಲ್ಲಿ ಜಂಗ್ ಬಹಾದೂರ್ ರಾಣಾ ಎಂಬ ಮಂತ್ರಿಯು ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡನು. ಅರಸನು ಹೆಸರಿಗೆ ಮಾತ್ರ ಉಳಿದನು. ಈ ಜಂಗ್ ಬಹಾದೂರನೇ ೧೮೫೪ರಲ್ಲಿ ‘ಮುಲುಕಿ ಐನ್’ ಎಂಬ ಧರ್ಮಸಂಹಿತೆಯನ್ನು ಹೊರಡಿಸಿದವನು.

ಈ ಸಂಹಿತೆಯು ದೇಶದ ಸಮಸ್ತ ಜನರನ್ನೂ ಐದು ಮೆಟ್ಟಿಲುಗಳಲ್ಲಿ ನಿಲ್ಲಿಸಿತು. ಜನಿವಾರ ಧರಿಸುವವರು ಮೊದಲು. ಮದ್ಯಪಾನ ಮಾಡುವ, ಆದರೆ ದಾಸ್ಯಕ್ಕೆ ಎಳೆಯಬಾರದ ಜಾತಿಗಳು ಎರಡನೆಯವು. ದಾಸ್ಯಕ್ಕೆ ಎಳೆಯಬಹುದಾದವು ಮೂರನೆಯವು. ಇವರ ಕೈಯ ನೀರು ನಡೆಯದು, ಆದರೆ ಮುಟ್ಟಿದರೆ ಪ್ರೋಕ್ಷಣೆ ಬೇಡ ಎನ್ನಿಸಿಕೊಂಡವರು ನಾಲ್ಕನೆಯವರು. ಮುಟ್ಟಿದರೂ ನೀರು ಚಿಮುಕಿಸಿಕೊಳ್ಳಬೇಕೆಂದು ವಿಧಿಸಲ್ಪಟ್ಟವರು ಕೊನೆಯವರು. ಕೌತುಕವೆಂದರೆ, ಯೂರೋಪಿಯನರನ್ನೂ ಈ ನಾಲ್ಕನೆಯ ಮೆಟ್ಟಿಲಿನಲ್ಲಿಯೇ ಇರಿಸಲಾಗಿದ್ದಿತು. ಮನುಷ್ಯನ ಸ್ಥಾನವನ್ನು ನಿರ್ಣಯಿಸಲು ಅವನ ಕೈಯ ಅನ್ನವೂ ನೀರೂ ಅಳತೆಗೋಲುಗಳಾದುವು. ಯಾರು ಯಾರ ಕೈಯ ಬೆಂದ ಅನ್ನವನ್ನು ಉಣ್ಣಬಹುದು, ಮೀರಿದರೆ ದಂಡವೆಷ್ಟು, ಪ್ರಾಯಶ್ಚಿತ್ತವೇನು ಎಂಬುದನ್ನೆಲ್ಲ ರಾಜ್ಯವೇ ಬರೆದಿಟ್ಟಿತು. ನಮ್ಮ ನಾಡಿನಲ್ಲಿಯೂ ಇಂತಹ ಆಚಾರಗಳು ಇದ್ದುವು, ನಿಜ. ಆದರೆ ಅವು ಮನೆಯ ಹಿರಿಯರ ಮತ್ತು ಜಾತಿಪಂಚಾಯಿತಿಗಳ ಅಧೀನದಲ್ಲಿದ್ದುವು. ಅಲ್ಲಿ ಒಲೆಯ ಮುಂದೆ ಸರಕಾರವೇ ಬಂದು ಕುಳಿತಿತು.

ಈ ನಿಯಮವನ್ನು ಮಾಡಿದವನಿಗೂ ಅದರ ಬಿಸಿ ತಟ್ಟದೆ ಹೋಗಲಿಲ್ಲ. ೧೮೫೦ರಲ್ಲಿ ಜಂಗ್ ಬಹಾದೂರನು ಹಡಗನ್ನೇರಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಹೋಗಿಬಂದನು. ತನ್ನ ಅಡಿಗೆಯವರನ್ನು ಜತೆಯಲ್ಲಿಯೇ ಕರೆದೊಯ್ದಿದ್ದನು. ಲಂಡನ್ನಿನ ಔತಣಕೂಟಗಳಿಗೆ ಅವನು ಹೋಗುವನು, ಮಾತಾಡುವನು. ಆದರೆ ಅವರೊಡನೆ ಉಣ್ಣನು. ಇಷ್ಟೆಲ್ಲ ಎಚ್ಚರವಹಿಸಿದರೂ ೧೮೫೧ರಲ್ಲಿ ಹಿಂದಿರುಗಿದಾಗ, ಪರಕೀಯರೊಡನೆ ಉಂಡು ಜಾತಿಗೆಟ್ಟನೆಂಬ ಅಪವಾದವನ್ನು ಅವನ ವಿರೋಧಿಗಳು ಹೊರಿಸಿದರು. ಅಧಿಕಾರವು ಕೈಯಲ್ಲಿದ್ದುದರಿಂದ ಅವನು ಪಾರಾದನು.

ಅಧಿಕಾರವಿಲ್ಲದ ಬಡವರ ಪಾಡು ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಸಹಸ್ರಾರು ಗೂರ್ಖಾ ಸಿಪಾಯಿಗಳು ಸಮುದ್ರವನ್ನು ದಾಟಿ ಫ್ರಾನ್ಸಿನಲ್ಲಿಯೂ ಮೆಸೊಪೊಟೇಮಿಯಾದಲ್ಲಿಯೂ ಕಾದಿದರು. ಉಳಿದು ಬಂದವರು ತಮ್ಮ ಮನೆಯಲ್ಲಿ ತಮ್ಮವರೊಡನೆ ಕುಳಿತು ಉಣ್ಣಬೇಕಾದರೆ ‘ಪಾನಿ ಪತಿಯಾ’ ಎಂಬ ಶುದ್ಧಿಯನ್ನು ಮಾಡಿಸಿಕೊಳ್ಳಬೇಕಾಗಿದ್ದಿತು. ಗುಂಡಿನ ಮಳೆಯನ್ನು ದಾಟಿ ಬಂದ ಮಗನು ತಾಯಿಯ ಕೈಯ ಅನ್ನಕ್ಕೆ ಅನುಮತಿಯನ್ನು ಪಡೆಯಬೇಕಾದ ಈ ಸ್ಥಿತಿಯನ್ನು ನೆನೆದರೆ ಮನಸ್ಸು ಮರುಗುತ್ತದೆ.

೨

ಬೆಂದ ಅನ್ನಕ್ಕೆ ಇಷ್ಟು ಕಟ್ಟುಪಾಡುಗಳಿದ್ದಲ್ಲಿ ಜನರು ಹಬ್ಬಹರಿದಿನಗಳಲ್ಲಿ ಕೂಡಿ ಉಂಡದ್ದಾದರೂ ಹೇಗೆ? ಇದಕ್ಕೆ ಉತ್ತರವು ಕಾಠಮಾಂಡು ಕಣಿವೆಯ ಮೂಲನಿವಾಸಿಗಳಾದ ನೇವಾರರ ಔತಣದಲ್ಲಿದೆ. ಅವರ ‘ಸಮಯ ಬಜಿ’ ಎಂಬ ಪ್ರಸಿದ್ಧ ಭೋಜನದಲ್ಲಿ ನಡುವೆ ಇರುವುದು ಅನ್ನವಲ್ಲ, ‘ಬಜಿ’. ಬಜಿ ಎಂದರೆ ನಮ್ಮ ಅವಲಕ್ಕಿಯೇ ಹೊರತು ಬೇರೆಯಲ್ಲ. ಅದರ ಸುತ್ತ ಹುರಿದ ಕರಿಯ ಸೋಯಾ ಕಾಳು, ಶುಂಠಿ, ಮೊಟ್ಟೆ, ಒಣಮೀನು, ಸುಟ್ಟ ಎಮ್ಮೆಯ ಮಾಂಸ, ಉದ್ದಿನ ‘ವೋ’ ಎಂಬ ರೊಟ್ಟಿ, ಅಕ್ಕಿಯಿಂದ ಇಳಿಸಿದ ‘ಅಯ್ಲಾ’ ಎಂಬ ಮದ್ಯ. ಮಾಂಸಮದ್ಯಗಳನ್ನು ಬದಿಗಿಟ್ಟು ನೋಡಿದರೆ ಇದು ನಮಗೆ ಅಪರಿಚಿತವಾದ ಪಂಕ್ತಿಯಲ್ಲ. ಬೆಂದ ಅನ್ನಕ್ಕಿರುವಷ್ಟು ಮೈಲಿಗೆಯ ಬಿಗಿ ಅವಲಕ್ಕಿಗೆ ಇಲ್ಲದುದರಿಂದಲೇ ಔತಣಗಳಲ್ಲಿ ಅದಕ್ಕೆ ಅಗ್ರಸ್ಥಾನ ದೊರೆಯಿತು. ನಮ್ಮಲ್ಲಿಯೂ ಅನ್ನವು ಮುಸುರೆ, ಅವಲಕ್ಕಿಯು ಫಲಾಹಾರ. ಎರಡು ದೂರದೇಶಗಳ ಗೃಹಿಣಿಯರು ಒಂದೇ ಕಟ್ಟಿನಿಂದ ತಪ್ಪಿಸಿಕೊಳ್ಳಲು ಒಂದೇ ಕಿಂಡಿಯನ್ನು ಕಂಡುಕೊಂಡಿದ್ದರು.

ನೇವಾರರ ಅಡಿಗೆಮನೆಯಲ್ಲಿ ನಮ್ಮನ್ನು ನಿಲ್ಲಿಸುವ ವಸ್ತುಗಳು ಇನ್ನೂ ಇವೆ. ಅಕ್ಕಿಹಿಟ್ಟಿನ ‘ಚತಾಮರಿ’ಯು ದೋಸೆಯ ತಂಗಿಯಂತಿದೆ. ಮಾರ್ಗಶಿರದ ಹುಣ್ಣಿಮೆಯಂದು ಅಕ್ಕಿಹಿಟ್ಟಿನೊಳಗೆ ಎಳ್ಳನ್ನೂ ಚಾಕು ಎಂಬ ಬೆಲ್ಲದ ಪಾಕವನ್ನೂ ತುಂಬಿ ಆವಿಯಲ್ಲಿ ಬೇಯಿಸುವ ‘ಯೋಮರಿ’ಯು ನಮ್ಮ ಸಿಹಿಗಡುಬನ್ನು ನೆನಪಿಗೆ ತರುತ್ತದೆ. ಇವುಗಳನ್ನು ಕಂಡು, ಕರ್ನಾಟಕದವರೇ ಅಲ್ಲಿಗೆ ಹೋಗಿ ಈ ತಿಂಡಿಗಳನ್ನು ಕಲಿಸಿರಬೇಕೆಂದು ಹೇಳಲು ನಾಲಗೆ ಆತುರಪಡುವುದು ಸಹಜ. ಅದಕ್ಕೆ ಆಸರೆಯಾಗಿ ತೋರುವ ಒಂದು ಇತಿಹಾಸವೂ ಇದೆ. ೧೦೯೭ರಲ್ಲಿ ನಾನ್ಯದೇವನೆಂಬವನು ಮಿಥಿಲೆಯಲ್ಲಿ ರಾಜ್ಯವನ್ನು ಕಟ್ಟಿ, ಈಗಿನ ನೇಪಾಳದ ತರಾಯಿ ಪ್ರದೇಶದಲ್ಲಿರುವ ಸಿಮ್ರಾವನಗಢದಿಂದ ಆಳಿದನು. ಅವನ ವಂಶಕ್ಕೆ ಕರ್ಣಾಟ ವಂಶವೆಂದೇ ಹೆಸರು. ಚಾಲುಕ್ಯ ವಿಕ್ರಮಾದಿತ್ಯನ ಉತ್ತರದಿಗ್ವಿಜಯದ ಸೈನ್ಯಗಳೊಡನೆ ಇವರ ಪೂರ್ವಜರು ಅತ್ತ ಹೋಗಿರಬೇಕೆಂದು ಅನೇಕ ಇತಿಹಾಸಕಾರರ ಊಹೆ. ೧೩೨೪ರ ಸುಮಾರಿನಲ್ಲಿ ಗಿಯಾಸುದ್ದೀನ್ ತುಘಲಕನ ದಂಡಿಗೆ ಸೋತು ಈ ವಂಶದ ಹರಿಸಿಂಹದೇವನು ಬೆಟ್ಟಗಳತ್ತ ಓಡಿದನು. ಅವನ ರಾಣಿ ದೇವಲದೇವಿಯು ಭಕ್ತಪುರದಲ್ಲಿ ಆಶ್ರಯವನ್ನು ಪಡೆದಳು. ಅವಳ ಮೊಮ್ಮಗಳಾದ ರಾಜಲ್ಲದೇವಿಯನ್ನು ಮದುವೆಯಾದ ಜಯಸ್ಥಿತಿ ಮಲ್ಲನು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕಣಿವೆಯನ್ನಾಳಿದನು. ಅಲ್ಲಿನ ಜಾತಿವ್ಯವಸ್ಥೆಯನ್ನು ಕ್ರಮಪಡಿಸಿದವನು ಇವನೇ ಎಂದು ವಂಶಾವಳಿಗಳು ಹೇಳುತ್ತವೆ.

ಇಷ್ಟು ನಿಜವಾದರೂ, ಅರಸರ ಹೆಸರಿನಿಂದ ತಿಂಡಿಯ ವಂಶವನ್ನು ನಿರ್ಣಯಿಸುವುದು ವಿವೇಕವಲ್ಲ. ಅಕ್ಕಿ ಬೆಳೆಯುವ ನಾಡುಗಳಲ್ಲೆಲ್ಲ ಅಕ್ಕಿಯನ್ನು ಕುಟ್ಟುವರು, ಅರೆಯುವರು, ಆವಿಯಲ್ಲಿ ಬೇಯಿಸುವರು. ಕರ್ಣಾಟದ ಅಭಿಮಾನವು ನಮಗಿರಲಿ. ಆದರೆ ಪರರ ಮನೆಯ ಪಾತ್ರೆಯ ಮೇಲೆ ನಮ್ಮ ಹೆಸರನ್ನು ಕೆತ್ತುವುದು ಬೇಡ.

೩

ಕಣಿವೆಯಿಂದ ಬೆಟ್ಟಕ್ಕೆ ಹತ್ತಿದರೆ ಅನ್ನವೇ ದುರ್ಲಭವಾಗುತ್ತದೆ. ಅಲ್ಲಿನವರ ನಿತ್ಯಾಹಾರವು ‘ಢಿಂಡೋ’. ಕುದಿಯುವ ನೀರಿಗೆ ಹಿಟ್ಟನ್ನು ಸುರಿದು, ಮರದ ಸೌಟಿನಿಂದ ಬಿಡದೆ ತೊಳಸಿ ಗಟ್ಟಿಮಾಡುವುದೇ ಢಿಂಡೋ. ಹಿಟ್ಟು ಮೆಕ್ಕೆಜೋಳದ್ದಾಗಬಹುದು, ಫಾಪರ್ ಎಂಬ ಬೆಟ್ಟದ ಧಾನ್ಯದ್ದಾಗಬಹುದು, ‘ಕೋದೋ’ದ್ದಾಗಬಹುದು. ನೇಪಾಳಿಗಳು ಕೋದೋ ಎಂದು ಕರೆಯುವುದು ನಮ್ಮ ರಾಗಿಯನ್ನೇ! ಮೈಸೂರು ಸೀಮೆಯ ರೈತನು ಆ ಬೆಟ್ಟದ ಗುಡಿಸಿಲಿನ ಒಲೆಯ ಮುಂದೆ ಕುಳಿತರೆ, ಮಾತು ತಿಳಿಯದಿದ್ದರೂ ಮುದ್ದೆಯ ಗುರುತು ಹಿಡಿಯದೆ ಇರಲಾರನು. ರಾಗಿಯ ತವರು ಆಫ್ರಿಕಾ ಖಂಡದ ಪೂರ್ವಭಾಗದ ಎತ್ತರದ ನೆಲವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ; ಮೆಕ್ಕೆಜೋಳವೂ ಆಲೂಗೆಡ್ಡೆಯೂ ಮೆಣಸಿನಕಾಯಿಯೂ ಅಮೆರಿಕಾದಿಂದ ಬಂದವು. ಆಲೂಗೆಡ್ಡೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಎವರೆಸ್ಟ್ ಶಿಖರದ ಬುಡದ ಶೆರ್ಪಾಗಳ ಹೊಲವನ್ನು ಸೇರಿ ಅವರ ಮುಖ್ಯಾಹಾರವೇ ಆಯಿತು. ಪರರ ಅನ್ನವನ್ನು ಮುಟ್ಟದ ನಿಯಮಗಳು ಪರದೇಶದ ಗೆಡ್ಡೆಯನ್ನು ತಡೆಯಲಿಲ್ಲವೆಂಬುದು ಸ್ವಾರಸ್ಯವಾಗಿದೆ.

ನಮ್ಮ ತಟ್ಟೆಯಲ್ಲಿದ್ದ ಹುಳಿಯ ಕಪ್ಪು ಸಾರು ‘ಗುಂದ್ರುಕ್’ನದು. ಸಾಸಿವೆ ಅಥವಾ ಮೂಲಂಗಿಯ ಎಲೆಯನ್ನು ಬಾಡಿಸಿ, ಜಜ್ಜಿ, ಮಡಕೆಯಲ್ಲಿ ಒತ್ತಿ ತುಂಬಿ, ಗಾಳಿಯಾಡದಂತೆ ಬಾಯಿಕಟ್ಟಿ ಕೆಲವು ದಿನ ಇಡುತ್ತಾರೆ. ಒಂದು ಚಿಟಿಕೆ ಉಪ್ಪನ್ನೂ ಹಾಕದೆ ಅದು ತಾನಾಗಿಯೇ ಹುಳಿಯುತ್ತದೆ. ಬಳಿಕ ಬಿಸಿಲಿನಲ್ಲಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡದು. ಉಪ್ಪು ಟಿಬೆಟ್ಟಿನಿಂದ ಮೂಟೆಯಾಗಿ ಬರಬೇಕಾಗಿದ್ದ ಬೆಟ್ಟಗಳಲ್ಲಿ, ತರಕಾರಿಯಿಲ್ಲದ ತಿಂಗಳುಗಳಲ್ಲಿ, ಈ ವಿಧಾನವು ಎಷ್ಟು ಸಂಸಾರಗಳನ್ನು ಕಾಪಾಡಿರಬೇಕೆಂದು ಊಹಿಸಬಹುದು.

ಆದರೆ ಢಿಂಡೋ ಬಡವರ ಊಟ, ಅನ್ನವೇ ಮರ್ಯಾದೆಯ ಊಟ ಎಂಬ ಭಾವನೆ ಅಲ್ಲಿಯೂ ಬೇರೂರಿತು. ಪಶ್ಚಿಮದ ಕರ್ಣಾಲಿ ಪ್ರಾಂತಕ್ಕೆ ಸರಕಾರವು ವಿಮಾನಗಳಲ್ಲಿ ಅಕ್ಕಿಯನ್ನು ಸಾಗಿಸತೊಡಗಿದ ಮೇಲೆ ಅಲ್ಲಿನ ನವಣೆ, ಬರಗುಗಳ ಬೆಳೆಯು ಹಿಂದೆ ಬಿದ್ದಿತು. ಇಂದು ನಗರದ ಭೋಜನಗೃಹಗಳಲ್ಲಿ ಅದೇ ಢಿಂಡೋ ಕಂಚಿನ ತಟ್ಟೆಯಲ್ಲಿ ಗೌರವದಿಂದ ಬರುತ್ತಿದೆ. ರಾಗಿಮುದ್ದೆಯ ವಿಷಯದಲ್ಲಿ ನಾವು ಕಂಡಿರುವುದೂ ಇದನ್ನೇ ಅಲ್ಲವೆ?

೪

ಹಣ ಕೊಟ್ಟು ಉಣ್ಣುವ ಪದ್ಧತಿಯು ಆ ದೇಶದಲ್ಲಿ ಬೆಳೆದ ಬಗೆಯೂ ತಿಳಿಯತಕ್ಕದ್ದಾಗಿದೆ. ಧವಳಗಿರಿ ಮತ್ತು ಅನ್ನಪೂರ್ಣಾ ಎಂಬ, ೮,೦೦೦ ಮೀಟರಿಗೂ ಮಿಗಿಲಾದ ಎರಡು ಶಿಖರಗಳ ನಡುವೆ ಕಾಳಿಗಂಡಕಿಯು ಹರಿಯುತ್ತದೆ. ಈ ಕಣಿವೆಯು ಟಿಬೆಟ್ಟಿನ ಉಪ್ಪು ಇಳಿಯುವ, ತೆಂಕಣ ಧಾನ್ಯವು ಏರುವ ಹೆದ್ದಾರಿ. ಅಲ್ಲಿನ ಥಕಾಲಿ ಜನರು ಈ ವ್ಯಾಪಾರದಲ್ಲಿ ನಿಪುಣರು. ಅವರ ಹೆಂಗಸರು ದಾರಿಯುದ್ದಕ್ಕೂ ‘ಭಟ್ಟಿ’ ಎಂಬ ತಂಗುಮನೆಗಳನ್ನು ನಡೆಸುತ್ತಿದ್ದರು. ಊಟಕ್ಕೆ ಹಣ ಕೊಟ್ಟರೆ ರಾತ್ರಿಯ ವಸತಿಗೆ ಕೇಳುತ್ತಿರಲಿಲ್ಲ. ೧೯೫೯ರ ಬಳಿಕ ಟಿಬೆಟ್ಟಿನ ಗಡಿಯ ವ್ಯಾಪಾರವು ಕುಗ್ಗಿ, ಹಿಂದೂಸ್ಥಾನದ ಉಪ್ಪು ಎಲ್ಲೆಡೆ ಹರಡಲು, ಥಕಾಲಿಗಳು ಪೋಖರಾ, ಕಾಠಮಾಂಡುಗಳಿಗೆ ಇಳಿದುಬಂದರು. ಉಪ್ಪಿನ ಮೂಟೆ ಹೋಯಿತು. ಒಲೆಯ ವಿದ್ಯೆ ಉಳಿಯಿತು. ಇಂದು ‘ಥಕಾಲಿ ಊಟ’ವೆಂಬ ಹಲಗೆಯು ನೇಪಾಳದ ಪ್ರತಿಯೊಂದು ಪಟ್ಟಣದಲ್ಲಿಯೂ ಕಾಣುತ್ತದೆ.

‘ಮೊಮೊ’ದ ಕಥೆಯೂ ಇದೇ ಟಿಬೆಟ್ಟಿನ ದಾರಿಯದು. ಹಿಟ್ಟಿನ ತೆಳುಹಾಳೆಯಲ್ಲಿ ಕೊಚ್ಚಿದ ಮಾಂಸವನ್ನೋ ಸೊಪ್ಪನ್ನೋ ಮಡಿಸಿ ಆವಿಯಲ್ಲಿ ಬೇಯಿಸುವ ಈ ಕಡುಬು ಟಿಬೆಟ್ಟಿನದು. ಲ್ಹಾಸಾ ನಗರದಲ್ಲಿ ತಲೆತಲಾಂತರದಿಂದ ಅಂಗಡಿಗಳನ್ನಿಟ್ಟಿದ್ದ ನೇವಾರ ವರ್ತಕರು ಅದನ್ನು ತಮ್ಮ ಊರಿಗೆ ತಂದರೆಂದು ಹೇಳುವುದುಂಟು. ಅವರು ತಮ್ಮ ರುಚಿಗೆ ತಕ್ಕಂತೆ ಎಮ್ಮೆಯ ಮಾಂಸವನ್ನೂ ಖಾರದ ಚಟ್ನಿಯನ್ನೂ ಸೇರಿಸಿದರು. ಕನ್ನಡಿಗರಿಗೆ ಮೊಮೊ ತೀರ ಹೊಸದಲ್ಲ. ೧೯೬೦ರ ದಶಕದ ಆರಂಭದಲ್ಲಿ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟ್ಟಿನ ನಿರಾಶ್ರಿತರು ಅದನ್ನು ನೇರವಾಗಿಯೇ ನಮ್ಮ ನಾಡಿಗೆ ತಂದರು.

ರಾಣಾ ಮನೆತನದ ೧೦೪ ವರ್ಷಗಳ ಆಡಳಿತವು ೧೯೫೧ರಲ್ಲಿ ಮುಗಿಯಿತು. ಅಲ್ಲಿಯವರೆಗೆ ಮುಚ್ಚಿದ್ದ ದೇಶದ ಬಾಗಿಲು ಪರದೇಶೀಯರಿಗೆ ತೆರೆಯಿತು. ಹಿಂದೆ ಕಲ್ಕತ್ತೆಯಲ್ಲಿ ಒಂದು ಕ್ಲಬ್ಬನ್ನು ನಡೆಸಿದ್ದ, ಮೂಲತಃ ರಷ್ಯಾದ ನರ್ತಕನಾದ ಬೋರಿಸ್ ಲಿಸಾನೆವಿಚ್ ಎಂಬವನು ಆ ದಶಕದಲ್ಲಿಯೇ ಕಾಠಮಾಂಡುವಿನ ರಾಣಾ ಅರಮನೆಯೊಂದರಲ್ಲಿ ‘ರಾಯಲ್ ಹೊಟೆಲ್’ ಎಂಬುದನ್ನು ತೆರೆದನು. ಮ್ಲೇಚ್ಛರ ಕೈಯ ನೀರು ನಡೆಯದೆಂದು ಕಾನೂನು ಬರೆದ ಮನೆತನದ ಅರಮನೆಯಲ್ಲಿ ಯೂರೋಪಿಯನನೊಬ್ಬನು ಊಟ ಬಡಿಸಿದುದು ಕಾಲಪುರುಷನ ವಿನೋದವೆನ್ನಬೇಕು. ೧೯೬೩ರಲ್ಲಿ ಹೊಸ ಮುಲುಕಿ ಐನ್ ಜಾರಿಗೆ ಬಂದು, ಜಾತಿಗನುಸಾರವಾದ ದಂಡನೆಗಳು ರದ್ದಾದುವು. ೨೦೧೧ರಲ್ಲಿ ಅಸ್ಪೃಶ್ಯತೆಯನ್ನು ಆಚರಿಸುವುದು ದಂಡನಾರ್ಹವೆಂದು ಪ್ರತ್ಯೇಕ ಶಾಸನವಾಯಿತು. ಶಾಸನದ ಅಕ್ಷರವು ಹಳ್ಳಿಯ ಒಲೆಯವರೆಗೆ ನಡೆದುಹೋಗಲು ಬಹುಕಾಲ ಹಿಡಿಯುತ್ತದೆ. ಇಲ್ಲದಿದ್ದರೆ ೧೯೬೩ರ ಬಳಿಕ ೨೦೧೧ರ ಶಾಸನವು ಬೇಕಾಗುತ್ತಿರಲಿಲ್ಲ.

ಇದನ್ನು ಓದಿ ನಾವು ಪರರನ್ನು ಹಳಿಯುವುದು ಯುಕ್ತವಲ್ಲ. ನಮ್ಮ ಊರುಗಳ ಹೊಟೆಲುಗಳಲ್ಲಿಯೂ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಬೇರೆ ಕೋಣೆ, ಇತರರಿಗೆ ಬೇರೆ ಕೋಣೆ ಇದ್ದುವು. ಕೆಲವರಿಗೆ ಬಾಗಿಲೊಳಗೆ ಪ್ರವೇಶವೇ ಇರಲಿಲ್ಲ. ೧೯೫೦ರ ನಮ್ಮ ಸಂವಿಧಾನದ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಹೊಟೆಲು, ಸಾರ್ವಜನಿಕ ಭೋಜನಗೃಹಗಳ ಹೆಸರನ್ನು ಎತ್ತಿ ಬರೆದು, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿದ್ದಾರೆ. ದೇಶದ ಮೂಲಶಾಸನದಲ್ಲಿ ಹೊಟೆಲಿನ ಮಾತು ಏಕೆ ಬಂದಿತೆಂದು ಕೇಳುವವರಿಗೆ, ಮೇಲೆ ಹೇಳಿದ ಕೋಣೆಗಳೇ ಉತ್ತರ.

೫

ಈಗ ಲಲಿತಪುರದ ಆ ಮೇಜಿಗೆ ಹಿಂದಿರುಗೋಣ. ಮಾವನವರು ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರು. ಬಡಿಸುವ ಯುವಕನು ಬಳಿಯಲ್ಲಿಯೇ ನಿಂತಿದ್ದನು. ನಾನು ಜಾತಿಯನ್ನು ಕೇಳದೆ, ಹಿಂದಿಯಲ್ಲಿ, “ನಿಮ್ಮ ಊರು ಯಾವುದು?” ಎಂದು ಕೇಳಿದೆನು. ಅವನು ಬೆಟ್ಟದ ಒಂದು ಹಳ್ಳಿಯ ಹೆಸರನ್ನು ಹೇಳಿ, ನಾವು ಎಲ್ಲಿಯವರೆಂದು ವಿಚಾರಿಸಿದನು. ಕರ್ನಾಟಕವೆಂದೊಡನೆ ಅವನ ಮುಖವರಳಿತು. ಅವನ ತಮ್ಮನು ಬೆಂಗಳೂರಿನಲ್ಲಿರುವನಂತೆ. ಅಲ್ಲಿ ಒಂದು ಹೊಟೆಲಿನಲ್ಲಿ ನಾಲ್ಕು ವರ್ಷಗಳಿಂದ ಅಡಿಗೆ ಮಾಡುತ್ತಿರುವನಂತೆ. “ದೋಸೆ, ಸಾಂಬಾರ್, ಎಲ್ಲವನ್ನೂ ಕಲಿತಿದ್ದಾನೆ, ಮನೆಗೆ ಬಂದಾಗ ಅಮ್ಮನಿಗೂ ಮಾಡಿ ಬಡಿಸಿದ” ಎಂದನು.

ನಾನು ಇದನ್ನು ಮಾವನವರಿಗೆ ಕನ್ನಡದಲ್ಲಿ ಹೇಳಿದೆನು. ಅವರು ಬೆಂಗಳೂರಿಗೆ ಮಗನ ಮನೆಗೆ ಬಂದಾಗಲೆಲ್ಲ ಬೀದಿಯ ಕೊನೆಯ ಹೊಟೆಲಿನಲ್ಲಿ ದೋಸೆ ತಿನ್ನುವುದುಂಟು. ಒಳಗೆ ಕಾವಲಿಯ ಮುಂದೆ ನಿಂತವರು ಯಾರೆಂದು ಅಲ್ಲಿ ಒಮ್ಮೆಯೂ ಕೇಳಿದವರಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕಿಟಕಿಯತ್ತ ನೋಡುತ್ತಿದ್ದರು. ಬಳಿಕ, “ಇವನ ತಮ್ಮ ಮಾಡಿದ್ದನ್ನು ಅಲ್ಲಿ ಎಷ್ಟು ಸಲ ತಿಂದಿದ್ದೇನೋ ಏನೋ” ಎಂದರು; ಮತ್ತೆ, “ಅಮ್ಮನಿಗೆ ಬಡಿಸಿದನಂತೆಯೆ?” ಎಂದು ಕೇಳಿದರು. ಅಹುದೆಂದೆನು.

ಮಾವನವರು ಕೈಯಲ್ಲಿ ನೀರು ತೆಗೆದುಕೊಂಡು ತಟ್ಟೆಗೆ ಪರಿಷೇಚನೆ ಮಾಡಿದರು. ತೊವ್ವೆಯನ್ನು ಅನ್ನಕ್ಕೆ ಕಲಸಿ ಮೊದಲ ತುತ್ತನ್ನು ಬಾಯಿಗಿಟ್ಟು, “ಒಗ್ಗರಣೆ ಏನೋ ಬೇರೆ ಇದೆ, ಚೆನ್ನಾಗಿದೆ” ಎಂದರು. ಎರಡನೆಯ ಸಲ ಅನ್ನವನ್ನು ಹಾಕಿಸಿಕೊಂಡಾಗ ಆ ಯುವಕನ ಹೆಸರನ್ನು ಕೇಳಿದರು, ಜಾತಿಯನ್ನು ಕೇಳಲಿಲ್ಲ. ಹೊರಡುವಾಗ, ಬೆಂಗಳೂರಿನ ಆ ತಮ್ಮನು ಕೆಲಸ ಮಾಡುವ ಹೊಟೆಲು ಯಾವ ಬೀದಿಯಲ್ಲಿದೆಯೆಂದು ಬರೆದುಕೊಳ್ಳುವಂತೆ ನನಗೆ ಹೇಳಿದರು. ಆ ಚೀಟಿಯು ಇನ್ನೂ ಅವರ ಪಂಚಾಂಗದ ನಡುವೆ ಇದೆ.